ವಾಚನಾಲಯಕ್ಕೂ ಒಂದು ಕತೆಯಿದೆ

(ಪಾಠಪ್ರವೇಶ: ವಾಚನಾಲಯದಲ್ಲಿ ಕುಳಿತು ನಾವು ರಾಜರ ಇತಿಹಾಸ, ಯುದ್ಧಗಳ ಇತಿಹಾಸ ಓದುತ್ತೇವೆ. ಆದರೆ ಆ ವಾಚನಾಲಯದ ಇತಿಹಾಸವೇನು? ಅದನ್ನು ಯಾರು ಕಟ್ಟಿದರು? ಮೊದಲ ಪುಸ್ತಕ ಯಾರು ಕೊಟ್ಟರು? ಯಾರು ಯಾರು ಒಳಗೆ ಬಂದರು? ಇಂಥ ಇತಿಹಾಸವನ್ನು ಹುಡುಕುವ ಬಗೆಯನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.)

ಮಕ್ಕಳೇ, ಅಕ್ಕಲಕೋಟದ ರಾಜವಾಡೆಯ ಶಸ್ತ್ರಾಗಾರದ ಬಗ್ಗೆ ನೀವು ಕೇಳಿದ್ದೀರಿ. ಅಲ್ಲಿ ಹಳೆಯ ಕತ್ತಿ, ಗುರಾಣಿ, ಬಂದೂಕುಗಳನ್ನು ಜೋಪಾನ ಮಾಡಿ ಇಟ್ಟಿದ್ದಾರೆ. ಅವನ್ನು ನೋಡಿದವರಿಗೆ ಹಿಂದಿನ ಕಾಲ ಕಣ್ಣಮುಂದೆ ಬರುತ್ತದೆ. ಕತ್ತಿ ಗಟ್ಟಿ ವಸ್ತು. ನೂರಾರು ವರ್ಷ ಬಾಳುತ್ತದೆ. ಕಾಗದ ಹಾಗಲ್ಲ. ಅದಕ್ಕೆ ಗೆದ್ದಲು ಹತ್ತುತ್ತದೆ. ಮಳೆಯ ನೀರು ತಾಗುತ್ತದೆ. ಹಳೆಯದಾಯಿತೆಂದು ಯಾರೋ ಅದನ್ನು ರದ್ದಿಗೆ ಹಾಕುತ್ತಾರೆ. ಒಂದು ಹಳೆಯ ಪುಸ್ತಕ ರದ್ದಿಗೆ ಹೋದರೆ ಪುಸ್ತಕವಷ್ಟೇ ಹೋಗುವುದಿಲ್ಲ. ಅದರ ಮೊದಲ ಪುಟದಲ್ಲಿದ್ದ ಶಿಕ್ಕೆ, ದೇಣಿಗೆ ಕೊಟ್ಟವರ ಹೆಸರು, ಓದಿದವರ ಸಹಿ ಎಲ್ಲವೂ ಹೋಗುತ್ತವೆ. ಅಂದರೆ ನಮ್ಮ ಊರಿನ ಇತಿಹಾಸದ ಒಂದು ತುಂಡು ಹೋದಂತೆ.

ನಮ್ಮ ನಾಡಿನ ಹಳೆಯ ಪುಸ್ತಕ ಭಂಡಾರಗಳು

ಗ್ರಂಥಾಲಯ ನಮಗೆ ಹೊಸದಲ್ಲ. ಸೊಲ್ಲಾಪುರದಿಂದ ಹೊರಟ ರೈಲು ಅಕ್ಕಲಕೋಟ ರೋಡ, ಕಲಬುರಗಿ ದಾಟಿ ವಾಡಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಚಿತ್ತಾಪುರ. ಅದರ ಹತ್ತಿರ ನಾಗಾವಿ ಎಂಬ ಊರಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಒಂದು ದೊಡ್ಡ ಘಟಿಕಾಸ್ಥಾನವಿತ್ತು. ಘಟಿಕಾಸ್ಥಾನ ಎಂದರೆ ಉನ್ನತ ವಿದ್ಯೆ ಕಲಿಸುವ ಸ್ಥಳ. ಕ್ರಿ.ಶ. 1058ರ ಶಾಸನದಲ್ಲಿ ಅದರ ವಿವರವಿದೆ. ಅಲ್ಲಿ ಗುರುಗಳ ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗರು' ಇದ್ದರು. ಸರಸ್ವತೀ ಭಂಡಾರ ಎಂದರೆ ಗ್ರಂಥಗಳ ಭಂಡಾರ. ಅದನ್ನು ನೋಡಿಕೊಳ್ಳುವವರು ಭಂಡಾರಿಗರು. ಇಂದಿನ ಮಾತಿನಲ್ಲಿ ಹೇಳಬೇಕೆಂದರೆ ಗ್ರಂಥಪಾಲರು! ಸುಮಾರು ಸಾವಿರ ವರ್ಷಗಳ ಹಿಂದೆ ಒಂದು ವಿದ್ಯಾಸ್ಥಾನದಲ್ಲಿ ಆರು ಗ್ರಂಥಪಾಲರಿದ್ದರು ಎಂಬುದು ನಮಗೆ ಹೇಗೆ ತಿಳಿಯಿತು? ಆ ಕಾಲದವರು ಅದನ್ನು ಕಲ್ಲಿನಲ್ಲಿ ಬರೆದಿಟ್ಟರು. ಈ ಕಾಲದವರು ಆ ಕಲ್ಲನ್ನು ಹುಡುಕಿ ಓದಿದರು.

ಮೈಸೂರಿನ ಕತೆಯೂ ಸ್ವಾರಸ್ಯವಾಗಿದೆ. 1891ರಲ್ಲಿ ಅಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹಸ್ತಪ್ರತಿಗಳ ಗ್ರಂಥಾಲಯ ಸ್ಥಾಪನೆಯಾಯಿತು. ಅಲ್ಲಿಗೆ ಒಬ್ಬ ಪಂಡಿತರು ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದರು. ಅದು ಕೌಟಿಲ್ಯನ 'ಅರ್ಥಶಾಸ್ತ್ರ'! ಕಳೆದೇ ಹೋಯಿತೆಂದು ಪಂಡಿತರು ತಿಳಿದಿದ್ದ ಗ್ರಂಥ ಅದು. 1909ರಲ್ಲಿ ಅದು ಅಚ್ಚಾಗಿ ಹೊರಬಂದಿತು. ಆ ಕಟ್ಟನ್ನು ಹಳೆಯ ಗರಿಯೆಂದು ಯಾರಾದರೂ ಎಸೆದಿದ್ದರೆ ಏನಾಗುತ್ತಿತ್ತು? ಯೋಚಿಸಿರಿ.

ನಮ್ಮ ಸೊಲ್ಲಾಪುರವೂ ಪುಸ್ತಕಗಳ ಊರೇ. ಇಲ್ಲಿಯ ಹಿರಾಚಂದ ನೇಮಚಂದ ವಾಚನಾಲಯ ನೂರು ವರ್ಷ ದಾಟಿದ ಸಂಸ್ಥೆ. ಇಲ್ಲಿಯ ಜೀವರಾಜ ಜೈನ ಗ್ರಂಥಮಾಲೆಯವರು ಪಾಂಡಿತ್ಯದ ಅನೇಕ ಗ್ರಂಥಗಳನ್ನು ಪ್ರಕಟಿಸಿದರು. ಗಡಿನಾಡಿನ ಸದಲಗಾ ಊರಿನ ವಿದ್ವಾಂಸರಾದ ಡಾ. ಆ. ನೇ. ಉಪಾಧ್ಯೆ ಅವರು ಆ ಮಾಲೆಯ ಸಂಪಾದಕರಾಗಿದ್ದರು. ಕವಿ ದ. ರಾ. ಬೇಂದ್ರೆಯವರು 1944ರಿಂದ 1956ರ ವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. 1912ರಲ್ಲಿ ಇಲ್ಲಿಯೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತರು. ಕನ್ನಡವನ್ನು ಸ್ವಂತ ಪ್ರಯತ್ನದಿಂದ ಕಲಿತು ದೊಡ್ಡ ಕವಯಿತ್ರಿಯಾದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. ಶಾಲೆಯಲ್ಲಿ ಸಿಗದ ಭಾಷೆಯನ್ನು ಕಲಿಯಬೇಕಾದರೆ ಪುಸ್ತಕವೇ ಗುರು ಅಲ್ಲವೇ?

ದೂರದ ಅಮೇರಿಕೆ, ಹತ್ತಿರದ ಬಡೋದೆ

ಈಗ ಸ್ವಲ್ಪ ದೂರ ಹೋಗೋಣ. ಅಮೇರಿಕೆಯ ಫಿಲಡೆಲ್ಫಿಯಾ ನಗರದಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಎಂಬ ತರುಣ ಮುದ್ರಣಕಾರನಿದ್ದನು. ಅವನಿಗೂ ಅವನ ಗೆಳೆಯರಿಗೂ ಓದುವ ಹಂಬಲ. ಪುಸ್ತಕಗಳೋ ಬಹಳ ತುಟ್ಟಿ. ಒಬ್ಬೊಬ್ಬರೇ ಕೊಳ್ಳುವುದು ಆಗದ ಮಾತು. ಎಲ್ಲರೂ ವರ್ಗಣಿ ಕೂಡಿಸಿದರೆ? ಈ ವಿಚಾರದಿಂದ 1731ರ ಜುಲೈ 1ರಂದು ಒಂದು ಕರಾರುಪತ್ರ ತಯಾರಾಯಿತು. ಐವತ್ತು ಜನರು ಸದಸ್ಯರಾದರು. ಲಂಡನ್ನಿನಿಂದ ಹಡಗಿನಲ್ಲಿ ಪುಸ್ತಕಗಳನ್ನು ತರಿಸಿದರು. ಆ ಗ್ರಂಥಾಲಯ ಇಂದಿಗೂ ಇದೆ.

ಇಷ್ಟು ಹಳೆಯ ಸಂಗತಿಯ ದಿನಾಂಕವೂ ನಮಗೆ ಗೊತ್ತಿದೆ. ಕಾರಣ, ಆ ಸಂಸ್ಥೆಯವರು ತಮ್ಮ ಕಾಗದಪತ್ರಗಳನ್ನು ಜೋಪಾನ ಮಾಡಿದರು. ಫ್ರ್ಯಾಂಕ್ಲಿನ್ ತನ್ನ ಆತ್ಮಕತೆಯಲ್ಲಿಯೂ ಈ ಸಂಗತಿ ಬರೆದಿದ್ದಾನೆ. ನಮ್ಮಲ್ಲಿ ಐವತ್ತು ವರ್ಷಗಳ ಹಿಂದೆ ಹುಟ್ಟಿದ ಎಷ್ಟೋ ವಾಚನಾಲಯಗಳ ದಿನಾಂಕ ಕೇಳಿದರೆ ಹಿರಿಯರು ಮುಖ ಮುಖ ನೋಡುತ್ತಾರೆ.

ಫ್ರ್ಯಾಂಕ್ಲಿನ್ನನ ಗ್ರಂಥಾಲಯ ವರ್ಗಣಿ ಕೊಟ್ಟವರದು. ಬಡವರ ಪಾಡೇನು? 1833ರಲ್ಲಿ ಪೀಟರ್‌ಬರೋ ಎಂಬ ಸಣ್ಣ ಊರಿನವರು ಊರಿನ ತೆರಿಗೆಯ ಹಣದಿಂದ ಗ್ರಂಥಾಲಯ ತೆರೆದರು. ಅಲ್ಲಿ ಓದಲು ಹಣ ಕೊಡಬೇಕಾಗಿರಲಿಲ್ಲ. ಮುಂದೆ ಆ್ಯಂಡ್ರ್ಯೂ ಕಾರ್ನೆಗಿ ಎಂಬ ಉದ್ಯಮಿ ಊರೂರಿಗೆ ಗ್ರಂಥಾಲಯದ ಕಟ್ಟಡ ಕಟ್ಟಿಸಿಕೊಟ್ಟನು. ಅವನ ಹಣದಿಂದ ಜಗತ್ತಿನಲ್ಲಿ ಸುಮಾರು 2,500 ಗ್ರಂಥಾಲಯಗಳು ಎದ್ದವು. ಅವನು ಚಿಕ್ಕಂದಿನಲ್ಲಿ ಹತ್ತಿಯ ಗಿರಣಿಯಲ್ಲಿ ದುಡಿದ ಹುಡುಗ. ಆಗ ಆ್ಯಂಡರ್ಸನ್ ಎಂಬ ಸದ್ಗೃಹಸ್ಥರು ದುಡಿಯುವ ಹುಡುಗರಿಗಾಗಿ ತಮ್ಮ ಮನೆಯ ಪುಸ್ತಕಗಳನ್ನು ತೆರೆದಿಟ್ಟಿದ್ದರು. ಆ ಉಪಕಾರವನ್ನು ಕಾರ್ನೆಗಿ ಮರೆಯಲಿಲ್ಲ. ಸೊಲ್ಲಾಪುರದಲ್ಲಿ ಗಿರಣಿಯ ಭೋಂಗಾ ಕೇಳಿ ಕೆಲಸಕ್ಕೆ ಓಡಿದ ಮನೆತನಗಳ ಮಕ್ಕಳಿಗೆ ಈ ಮಾತು ಬೇಗ ತಿಳಿಯುತ್ತದೆ.

ಈ ಅಮೇರಿಕೆಯ ಕತೆ ನಮ್ಮಲ್ಲಿಗೆ ಹೇಗೆ ಬಂದಿತು? ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರು ಹುಟ್ಟಿದ್ದು ನಮ್ಮ ರಾಜ್ಯದ ನಾಶಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಲ್ಲಿ. ಅವರು 1906ರಲ್ಲಿ ಅಮೇರಿಕೆಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿದರು. 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೇರಿಕೆಯ ಗ್ರಂಥಪಾಲರನ್ನು ಬಡೋದೆಗೆ ಕರೆಯಿಸಿದರು. ಬೋರ್ಡನ್ನರು 1913ರ ವರೆಗೆ ಇಲ್ಲಿದ್ದು ಹೊಸ ವ್ಯವಸ್ಥೆ ಕಟ್ಟಿದರು. ಸ್ಥಳೀಯ ಜನರಿಗೆ ತರಬೇತಿ ಕೊಟ್ಟರು. ಪೇಟೆಗೆ ಬರಲಾಗದ ಹಳ್ಳಿಗರಿಗಾಗಿ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಕಳಿಸುವ 'ಸಂಚಾರಿ ಗ್ರಂಥಾಲಯ' ನಡೆಯಿತು. ಪುಸ್ತಕವೇ ಓದುಗನ ಊರಿಗೆ ಹೋಯಿತು!

1913ರಲ್ಲಿ ಇದೇ ಸಯಾಜಿರಾವ ಮಹಾರಾಜರ ಶಿಷ್ಯವೃತ್ತಿ ಪಡೆದು ಒಬ್ಬ ತರುಣರು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರೇ ಡಾ. ಬಾಬಾಸಾಹೇಬ ಅಂಬೇಡ್ಕರರು. ನಮ್ಮ ನಾಡಿನ ಶಾಲೆಯಲ್ಲಿ ಅವರು ಬಾಲಕನಾಗಿದ್ದಾಗ ಉಳಿದ ಮಕ್ಕಳಿಂದ ದೂರ ಕೂಡಬೇಕಾಗಿತ್ತು. ಕೊಲಂಬಿಯಾದ ಗ್ರಂಥಾಲಯದಲ್ಲಿ ಅವರು ಎಲ್ಲರ ಜೊತೆ ಕುಳಿತು ಓದಿದರು. ಮುಂದೆ ಮುಂಬಯಿಯ ದಾದರದಲ್ಲಿ ಕಟ್ಟಿಸಿದ 'ರಾಜಗೃಹ' ಎಂಬ ಮನೆಯಲ್ಲಿ ಸಾವಿರಾರು ಪುಸ್ತಕಗಳಿಗೆ ಜಾಗ ಮಾಡಿದರು.

ಹಾಗಾದರೆ ಅಮೇರಿಕೆಯಲ್ಲಿ ಎಲ್ಲ ಗ್ರಂಥಾಲಯಗಳ ಬಾಗಿಲೂ ಎಲ್ಲರಿಗೂ ತೆರೆದಿತ್ತೇ? ಇಲ್ಲ. ಅಲ್ಲಿಯ ದಕ್ಷಿಣದ ಅನೇಕ ಊರುಗಳಲ್ಲಿ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. 1939ರ ಆಗಸ್ಟ್ 21ರಂದು ಅಲೆಕ್ಸಾಂಡ್ರಿಯಾ ಎಂಬ ಊರಿನಲ್ಲಿ ಐದು ಮಂದಿ ಕಪ್ಪು ತರುಣರು ಗ್ರಂಥಾಲಯಕ್ಕೆ ಹೋದರು. ಸದಸ್ಯತ್ವ ಕೇಳಿದರು. ಕೊಡಲಿಲ್ಲ. ಆಗ ಒಬ್ಬೊಬ್ಬರೂ ಒಂದೊಂದು ಪುಸ್ತಕ ತೆಗೆದುಕೊಂಡು ಬೇರೆ ಬೇರೆ ಮೇಜಿನಲ್ಲಿ ಕುಳಿತು ಸುಮ್ಮನೆ ಓದತೊಡಗಿದರು. ಓದಿದ್ದಕ್ಕಾಗಿ ಪೊಲೀಸರು ಅವರನ್ನು ಹಿಡಿದೊಯ್ದರು! ಆದ್ದರಿಂದ ಯಾವ ವಾಚನಾಲಯದ ಇತಿಹಾಸವನ್ನು ಹುಡುಕಿದರೂ ಎರಡು ಪ್ರಶ್ನೆ ಕೇಳಬೇಕು. ಒಂದು, ಯಾರು ಒಳಗೆ ಬಂದರು? ಇನ್ನೊಂದು, ಯಾರು ಹೊರಗೆ ಉಳಿದರು?

ಹುಡುಕುವುದು ಹೇಗೆ?

ಈಗ ನಮ್ಮ ಕೆಲಸಕ್ಕೆ ಬರೋಣ. ನಿಮ್ಮ ಊರಿನ ಅಥವಾ ಶಾಲೆಯ ವಾಚನಾಲಯದ ಇತಿಹಾಸ ಹುಡುಕಬೇಕಾಗಿದೆ. ಪುರಾವೆಗಳು ಎಲ್ಲಿ ಸಿಗುತ್ತವೆ?

ಮೊದಲು ಗೋಡೆ ನೋಡಿರಿ. ಅಡಿಗಲ್ಲು, ಫಲಕ, ದಾನಿಗಳ ಹೆಸರಿನ ಕಲ್ಲು ಇದ್ದರೆ ಇದ್ದಂತೆಯೇ ಬರೆದುಕೊಳ್ಳಿರಿ. ಕೆಲವು ಕಲ್ಲುಗಳ ಮೇಲೆ ಶಕೆ ವರ್ಷವಿರುತ್ತದೆ. ಶಕೆಗೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿ.ಶ. ಬರುತ್ತದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲದ ಪ್ರಸಿದ್ಧ ಮರಾಠಿ ಶಾಸನದಲ್ಲಿ ಶಕೆ 940 ಎಂದಿದೆ. 940ಕ್ಕೆ 78 ಕೂಡಿಸಿದರೆ 1018.

ಎರಡನೆಯದಾಗಿ ದಾಖಲು ರಜಿಸ್ಟರ ನೋಡಿರಿ. ವಾಚನಾಲಯಕ್ಕೆ ಬಂದ ಪ್ರತಿಯೊಂದು ಪುಸ್ತಕಕ್ಕೂ ಅದರಲ್ಲಿ ಒಂದು ಕ್ರಮಾಂಕವಿರುತ್ತದೆ. ಬಂದ ದಿನಾಂಕ, ಬೆಲೆ, ಕೊಂಡದ್ದೋ ದೇಣಿಗೆಯೋ ಎಂಬ ವಿವರವಿರುತ್ತದೆ. ಕ್ರಮಾಂಕ 1 ಯಾವ ಪುಸ್ತಕ? ಅದು ಕನ್ನಡವೋ ಮರಾಠಿಯೋ? ಅದು ಈಗಲೂ ಕಪಾಟಿನಲ್ಲಿದೆಯೇ?

ಮೂರನೆಯದಾಗಿ ಪುಸ್ತಕಗಳನ್ನೇ ಕೇಳಿರಿ. ಪುಸ್ತಕ ಮಾತಾಡುತ್ತದೆಯೇ? ಆಡುತ್ತದೆ! ಒಂದು ಪುಸ್ತಕದ ಬೆಲೆ '2 ರೂಪಾಯಿ 8 ಆಣೆ' ಎಂದಿದ್ದರೆ ಅದು ಬಹುಶಃ 1957ಕ್ಕಿಂತ ಮೊದಲು ಅಚ್ಚಾದದ್ದು. ಏಕೆಂದರೆ 1957ರ ಏಪ್ರಿಲ್ 1ರಿಂದ ಆಣೆಯ ಲೆಕ್ಕ ಹೋಗಿ ನೂರು ಪೈಸೆಯ ಲೆಕ್ಕ ಬಂದಿತು. ಶಿಕ್ಕೆಯಲ್ಲಿ 'ಅಕ್ಕಲಕೋಟ ಸಂಸ್ಥಾನ' ಎಂದಿದ್ದರೆ ಆ ಶಿಕ್ಕೆ 1948ಕ್ಕಿಂತ ಹಿಂದಿನದಿರಬೇಕು. ಆ ವರ್ಷ ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರಿತು. 'ಮಹಾರಾಷ್ಟ್ರ ರಾಜ್ಯ' ಎಂದಿದ್ದರೆ ಅದು 1960ರ ಮೇ 1ರ ನಂತರದ್ದು. ವಿಳಾಸದಲ್ಲಿ ಆರು ಅಂಕಿಗಳ ಪಿನ್ ಕೋಡ್ ಇದ್ದರೆ 1972ರ ನಂತರದ್ದು. ಊರ ಹೆಸರನ್ನು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ 'ಶೋಲಾಪುರ' ಎಂದು ಅಚ್ಚು ಮಾಡುತ್ತಿದ್ದರು. ಇದೂ ಒಂದು ಸುಳಿವು.

ಆದರೆ ಒಂದು ಎಚ್ಚರಿಕೆ. ಪುಸ್ತಕ ಅಚ್ಚಾದ ವರ್ಷವೇ ವಾಚನಾಲಯ ಹುಟ್ಟಿದ ವರ್ಷವಲ್ಲ. 1950ರ ಪುಸ್ತಕವನ್ನು ಯಾರೋ 1980ರಲ್ಲಿ ದೇಣಿಗೆ ಕೊಟ್ಟಿರಬಹುದು.

ನಾಲ್ಕನೆಯದಾಗಿ ಕಚೇರಿಯ ಕಾಗದಗಳು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯದೆ ಬಂದದ್ದು 1967ರಲ್ಲಿ. ಅದಕ್ಕೂ ಮುಂಚೆ 1945ರಲ್ಲಿಯೇ ಕೊಲ್ಲಾಪುರ ಸಂಸ್ಥಾನದಲ್ಲಿ ಇಂಥ ಕಾಯದೆಯಾಗಿತ್ತು. ನಮ್ಮ ರಾಜ್ಯದ ಬಹಳಷ್ಟು ವಾಚನಾಲಯಗಳನ್ನು ಊರಿನ ಸಂಸ್ಥೆಗಳೇ ನಡೆಸುತ್ತವೆ. ಸರಕಾರ ಅವುಗಳಿಗೆ ಅ, ಬ, ಕ, ಡ ಎಂದು ದರ್ಜೆ ಕೊಟ್ಟು ಅನುದಾನ ಕೊಡುತ್ತದೆ. ಆದ್ದರಿಂದ ನೋಂದಣಿಯ ಪ್ರಮಾಣಪತ್ರ, ವಾರ್ಷಿಕ ವರದಿ, ಜಮಾಖರ್ಚಿನ ಪುಸ್ತಕಗಳು ಕಾರ್ಯದರ್ಶಿಗಳ ಬಳಿ ಇರುತ್ತವೆ. ಇನ್ನೂ ಹಳೆಯ ಕಾಲದ ಜಿಲ್ಲೆಯ ಪರಿಚಯಕ್ಕೆ 1884ರಲ್ಲಿ ಅಚ್ಚಾದ ಸೊಲ್ಲಾಪುರ ಜಿಲ್ಲೆಯ ಗ್ಯಾಝೆಟಿಯರ ಇದೆ. ಅದರಲ್ಲಿ ಶಿಕ್ಷಣದ ಬಗ್ಗೆ ಒಂದು ಅಧ್ಯಾಯವಿದೆ.

ಹಿರಿಯರ ನೆನಪು

ಐದನೆಯ ಪುರಾವೆ ಹಿರಿಯರ ನೆನಪು. ಅವರನ್ನು ಹೇಗೆ ಕೇಳಬೇಕು? ಒಬ್ಬ ವಿದ್ಯಾರ್ಥಿನಿ ಒಬ್ಬ ಅಜ್ಜನನ್ನು ಕೇಳುತ್ತಿದ್ದಾಳೆ ಎಂದು ತಿಳಿಯೋಣ.

ವಿದ್ಯಾರ್ಥಿನಿ: ಅಜ್ಜಾ, ನೀವು ಹುಡುಗರಿದ್ದಾಗ ನಮ್ಮೂರಾಗ ವಾಚನಾಲಯ ಇತ್ತೇನ್ರಿ?

ಅಜ್ಜ: ಇತ್ತವ್ವಾ. ಚಾವಡಿ ಬಾಜೂಕ ಒಂದು ಖೋಲಿ ಇತ್ತು. ಅಲ್ಲೇ ನಡೀತಿತ್ತು.

ವಿದ್ಯಾರ್ಥಿನಿ: ಯಾವ ವರ್ಷ ಸುರುವಾತ್ರಿ?

ಅಜ್ಜ: ವರ್ಷ ಹೆಂಗ ಹೇಳಲಿ ತಂಗಿ? ಆ ದೊಡ್ಡ ಬರ ಬಿತ್ತಲ್ಲ, ಅದರ ಮುಂದಿನ ವರ್ಷ.

ವಿದ್ಯಾರ್ಥಿನಿ: ಅಲ್ಲಿಗೆ ಎಲ್ಲಾರೂ ಬರತಿದ್ದರೇನ್ರಿ?

ಅಜ್ಜ: ಗಂಡಸರು ಬರತಿದ್ದಿವಿ. ಹೆಣ್ಣುಮಕ್ಕಳು ಬರತಿರಲಿಲ್ಲ. ನಮ್ಮ ಮನಿಯಾಕಿಗೆ ಓದೂ ಹುಚ್ಚು ಭಾಳ. ನಾನೇ ಪುಸ್ತಕ ತಂದು ಕೊಡತಿದ್ದೆ. ರಜಿಸ್ಟರದಾಗ ಸಹಿ ನಂದು, ಓದಾಕಿ ಆಕಿ!

ನೋಡಿದಿರಾ? ಈ ಸಣ್ಣ ಮಾತುಕತೆಯಲ್ಲಿ ಎಷ್ಟು ಸಂಗತಿಗಳಿವೆ! ಮಹಾರಾಷ್ಟ್ರದ ದೊಡ್ಡ ಬರ ಬಿದ್ದದ್ದು 1972ರಲ್ಲಿ. ಅಂದರೆ ಅಜ್ಜನ ಲೆಕ್ಕದಲ್ಲಿ ವಾಚನಾಲಯ ಆರಂಭವಾದದ್ದು 1973ರಲ್ಲಿ. ಆದರೆ ರಜಿಸ್ಟರಿನ ಮೊದಲ ನಮೂದು 1969ರದು ಎಂದಿಟ್ಟುಕೊಳ್ಳಿರಿ. ಯಾವುದು ನಿಜ? ಅಜ್ಜ ತಪ್ಪು ಹೇಳಿದರು ಎಂದು ಅವಸರಪಡಬಾರದು. ವಾಚನಾಲಯ 1969ರಲ್ಲಿ ಬೇರೆ ಕಡೆ ಆರಂಭವಾಗಿ 1973ರಲ್ಲಿ ಚಾವಡಿಯ ಪಕ್ಕದ ಕೋಣೆಗೆ ಬಂದಿರಬಹುದು. ಮೂರನೆಯ ಪುರಾವೆ ಹುಡುಕಬೇಕು. ಆ ವರ್ಷಗಳ ವರದಿ ನೋಡಬೇಕು. ಮತ್ತೊಬ್ಬ ಹಿರಿಯರನ್ನು ಕೇಳಬೇಕು. ಆಗಲೂ ಗೊತ್ತಾಗದಿದ್ದರೆ ಎರಡೂ ವರ್ಷಗಳನ್ನು ಬರೆದು, ಯಾವುದು ಎಲ್ಲಿ ಸಿಕ್ಕಿತೆಂದು ತಿಳಿಸಬೇಕು. ಇದು ಪ್ರಾಮಾಣಿಕ ಸಂಶೋಧನೆ.

ಇನ್ನೊಂದು ಮಾತು. ರಜಿಸ್ಟರಿನಲ್ಲಿ ಅಜ್ಜನ ಹೆಸರಿದೆ, ಅಜ್ಜಿಯ ಹೆಸರಿಲ್ಲ. ಬರೀ ರಜಿಸ್ಟರ ನೋಡಿದವರು ಈ ಊರಿನಲ್ಲಿ ಹೆಂಗಸರು ಓದುತ್ತಿರಲಿಲ್ಲ ಎಂದು ಬರೆದಾರು. ಅದು ಸುಳ್ಳಾಗುತ್ತದೆ. ಕಾಗದ ಹೇಳದ ಮಾತನ್ನು ಮನುಷ್ಯರು ಹೇಳುತ್ತಾರೆ. ಮನುಷ್ಯರು ಮರೆತ ದಿನಾಂಕವನ್ನು ಕಾಗದ ಹೇಳುತ್ತದೆ. ಎರಡೂ ಬೇಕು. ಕಾಗದ ಇನ್ನೂ ಕೆಲವು ವರ್ಷ ಕಾದೀತು, ವಯಸ್ಸಾದ ಹಿರಿಯರು ಎಷ್ಟು ದಿನ ಕಾದಾರು? ಆದ್ದರಿಂದ ಮೊದಲು ಅವರ ಬಳಿ ಹೋಗಿರಿ.

ಭಾರತದ ಗ್ರಂಥಾಲಯ ಶಾಸ್ತ್ರದ ಜನಕರೆಂದು ಹೆಸರಾದ ಡಾ. ಎಸ್. ಆರ್. ರಂಗನಾಥನ್‌ರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬೀಗ ಹಾಕಿ ಇಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಮೊದಲ ಸೂತ್ರದ ಸಾರ. ನಮ್ಮ ಗಡಿನಾಡಿನ ಕಪಾಟುಗಳಲ್ಲಿ ಕನ್ನಡ ಪುಸ್ತಕಗಳೂ ಮರಾಠಿ ಪುಸ್ತಕಗಳೂ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಓದುವವರಿಲ್ಲವೆಂದು ಕನ್ನಡದ ಕಪಾಟಿಗೆ ಬೀಗ ಬಿದ್ದಿದ್ದರೆ ಬೀಗದಕೈ ಕೇಳಿರಿ. ಧೂಳು ಒರೆಸಿರಿ. ಒಂದು ಪುಸ್ತಕವನ್ನು ನಿಮ್ಮ ಹೆಸರಿನಲ್ಲಿ ಪಡೆಯಿರಿ. ಮುಂದೊಂದು ದಿನ ಯಾರೋ ಆ ರಜಿಸ್ಟರ ತೆರೆದಾಗ ಅಲ್ಲಿ ನಿಮ್ಮ ಹೆಸರೂ ಇರಲಿ.

ಹೊಸ ಶಬ್ದಗಳ ಅರ್ಥ

ಹಸ್ತಪ್ರತಿ - ಕೈಯಿಂದ ಬರೆದ ಗ್ರಂಥ
ವರ್ಗಣಿ - ಚಂದಾ, ಎಲ್ಲರೂ ಕೂಡಿಸುವ ಹಣ
ಕರಾರುಪತ್ರ - ಒಪ್ಪಂದದ ಪತ್ರ
ಶಿಕ್ಕೆ - ಮುದ್ರೆ
ಪುರಾವೆ - ಸಾಕ್ಷಿ, ಆಧಾರ
ನಮೂದು - ದಾಖಲೆಯಲ್ಲಿ ಬರೆದದ್ದು
ಶಿಷ್ಯವೃತ್ತಿ - ವಿದ್ಯಾರ್ಥಿವೇತನ
ಖೋಲಿ - ಕೋಣೆ

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸರಸ್ವತೀ ಭಂಡಾರಿಗರು ಎಂದರೆ ಯಾರು?
2. ಬಡೋದೆಯ ಮಹಾರಾಜರು ಅಮೇರಿಕೆಯಿಂದ ಯಾರನ್ನು ಕರೆಯಿಸಿದರು?
3. ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರು ಯಾರು?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಫ್ರ್ಯಾಂಕ್ಲಿನ್ನನ ಗ್ರಂಥಾಲಯದ ದಿನಾಂಕ ನಮಗೆ ಹೇಗೆ ಗೊತ್ತಾಗಿದೆ?
2. ಅಲೆಕ್ಸಾಂಡ್ರಿಯಾದ ಐವರು ತರುಣರು ಏನು ಮಾಡಿದರು? ಅವರು ಮಾಡಿದ್ದು ಸರಿಯೇ? ಏಕೆ?
3. ರಜಿಸ್ಟರ ಒಂದನ್ನೇ ನೋಡಿ ಇತಿಹಾಸ ಬರೆದರೆ ಏನು ತಪ್ಪಾಗಬಹುದು?

ಇ) ಲೆಕ್ಕ ಮಾಡಿ ಹೇಳಿರಿ.
1. ಒಂದು ಅಡಿಗಲ್ಲಿನ ಮೇಲೆ ಶಕೆ 1875 ಎಂದಿದೆ. ಕ್ರಿ.ಶ. ಯಾವುದು?
2. ಒಂದು ಪುಸ್ತಕದ ಬೆಲೆ ಆಣೆಯಲ್ಲಿದೆ. ಅದರ ಶಿಕ್ಕೆಯಲ್ಲಿ ಪಿನ್ ಕೋಡ್ ಇದೆ. ಮೊದಲು ಆದದ್ದು ಅಚ್ಚೋ, ಶಿಕ್ಕೆಯೋ? ಕಾರಣ ಹೇಳಿರಿ.

ಈ) 'ವಾಚನ', 'ಗ್ರಂಥ', 'ಪುಸ್ತಕ' ಈ ಶಬ್ದಗಳಿಂದ ಆರಂಭವಾಗುವ ಇತರ ಶಬ್ದಗಳನ್ನು ಬರೆಯಿರಿ. ಉದಾ: ಗ್ರಂಥಪಾಲ.

ಉಪಕ್ರಮ

1. ನಾಲ್ವರ ಗುಂಪು ಮಾಡಿಕೊಂಡು ನಿಮ್ಮ ವಾಚನಾಲಯದ ಐದು ಹಳೆಯ ಪುಸ್ತಕಗಳನ್ನು ಗುರುಗಳ ಸಮಕ್ಷಮ ನೋಡಿರಿ. ಹೆಸರು, ಭಾಷೆ, ಬೆಲೆ, ಅಚ್ಚಾದ ವರ್ಷ, ಶಿಕ್ಕೆ ಇವುಗಳ ಕೋಷ್ಟಕ ಮಾಡಿರಿ.
2. ವಹಿಯ ಒಂದು ಪುಟದಲ್ಲಿ ಎರಡು ಭಾಗ ಮಾಡಿರಿ. ಒಂದು ಕಡೆ 'ಕೇಳಿದ್ದು', ಇನ್ನೊಂದು ಕಡೆ 'ನೋಡಿದ್ದು' ಎಂದು ಬರೆಯಿರಿ. ಇಬ್ಬರು ಹಿರಿಯರನ್ನು ಕೇಳಿರಿ. ಅವರಲ್ಲಿ ಒಬ್ಬರು ಅಜ್ಜಿಯಾಗಿರಲಿ.
3. ಸಾತಾರಾ ಜಿಲ್ಲೆಯ ಭಿಲಾರ ಎಂಬ ಹಳ್ಳಿ 2017ರಲ್ಲಿ 'ಪುಸ್ತಕಗಳ ಊರು' ಆಯಿತು. ಅದರ ಬಗ್ಗೆ ಮಾಹಿತಿ ಪಡೆದು ವರ್ಗದಲ್ಲಿ ಹೇಳಿರಿ.